ತುಣುಕು ವಿಡಿಯೋದಲ್ಲಿ ಕೇಳಿಸದ ಪ್ರಸಂಗ

ನಿಮ್ಮ ಪ್ರಶ್ನೆ ಇಷ್ಟು: ಒಬಾಮ ಹೋಗುತ್ತಿದ್ದ ಚರ್ಚಿನ ಪಾದ್ರಿ ಅಮೆರಿಕಕ್ಕೆ ಶಾಪ ಹಾಕುವ ವಿಡಿಯೋ ನೋಡಿದಿರಿ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬಿಳಿಯರ ಮೇಲಿನ ದ್ವೇಷವನ್ನೇ ಬೋಧಿಸುತ್ತಾರೆಯೇ, ದೇವರ ಮನೆಯಲ್ಲಿ ರಾಜಕೀಯಕ್ಕೇನು ಕೆಲಸ ಎಂದು ಕೇಳಿದ್ದೀರಿ.

ನಾನು 2011ರಿಂದ ಆರು ವರ್ಷ ಷಿಕಾಗೋದಲ್ಲಿ ಇದ್ದವನು. ನೀವು ಹೇಳುವ ಚರ್ಚಿನ ಸದಸ್ಯನಾಗಿರಲಿಲ್ಲ. ಅದೇ ದಕ್ಷಿಣ ಭಾಗದ ಇನ್ನೊಂದು ಸಣ್ಣ ಚರ್ಚಿಗೆ ಸಹೋದ್ಯೋಗಿಯೊಬ್ಬರ ಜೊತೆ ಹೋಗತೊಡಗಿ, ಬುಧವಾರ ಸಂಜೆಯ ಬೈಬಲ್ ತರಗತಿಯ ಕಾಯಂ ಗಿರಾಕಿಯಾದೆ. ಹಾಗಾಗಿ ನನ್ನದು ಪಕ್ಕದ ಮನೆಯವನ ಸಾಕ್ಷಿ ಎಂದುಕೊಳ್ಳಿ.

ನಾನು ಬೆಳೆದದ್ದು ಧಾರವಾಡದ, ಬಾಸೆಲ್ ಮಿಷನ್ ಕಾಲದ ಚರ್ಚಿನಲ್ಲಿ. ಅಲ್ಲಿ ಪ್ರಸಂಗದ, ಅಂದರೆ ಪಾದ್ರಿಯ ಉಪದೇಶದ, ನಡುವೆ ಕೆಮ್ಮಿದರೂ ಅಜ್ಜಿ ಕಣ್ಣು ಕೆಕ್ಕರಿಸುತ್ತಿದ್ದರು. ಷಿಕಾಗೋದ ಮೊದಲ ಭಾನುವಾರ ನನಗೆ ಗಾಬರಿಯೇ ಆಯಿತು. ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬರು ಬೆಂಚು ತೋರಿಸಿ, ಕೈಗೊಂದು ರಟ್ಟಿನ ಬೀಸಣಿಗೆ ಕೊಟ್ಟರು. ಅದರ ಒಂದು ಬದಿಗೆ ಮಾರ್ಟಿನ್ ಲೂಥರ್ ಕಿಂಗ್ ಚಿತ್ರ. ಇನ್ನೊಂದು ಬದಿಗೆ ಶವಸಂಸ್ಕಾರ ಮಾಡಿಸುವವರ ಜಾಹೀರಾತು, ದೂರವಾಣಿ ಸಂಖ್ಯೆ ಸಮೇತ. ಸಭಾಪಾಲಕರು ಒಂದು ಮಾತು ಆಡಿ ನಿಲ್ಲಿಸುತ್ತಿದ್ದರು, ಸಭೆ ಉತ್ತರ ಕೊಡುತ್ತಿತ್ತು. ಮಾತು ಸಪ್ಪೆಯಾದರೆ ಹಿಂದಿನ ಬೆಂಚಿನಿಂದ ‘ಕರ್ತನೇ, ಇವರಿಗೆ ಸಹಾಯ ಮಾಡು’ ಎಂಬ ದನಿ ಬರುತ್ತಿತ್ತು. ಅದು ಪ್ರಾರ್ಥನೆಯಲ್ಲ, ವಿಮರ್ಶೆ ಎಂದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು. ಅಲ್ಲಿ ಪ್ರಸಂಗವೆಂದರೆ ಸಭೆಯ ಜೊತೆ ನಡೆಯುವ ಜಗ್ಗಾಟ. ಅದರಿಂದ ಅರ್ಧ ನಿಮಿಷ ಕತ್ತರಿಸಿ ತೋರಿಸುವುದು, ತಾಳಮದ್ದಳೆಯ ಅರ್ಥಧಾರಿಯ ಒಂದೇ ವಾಕ್ಯ ಹಿಡಿದು ಅವನ ಮೇಲೆ ದೂರು ಕೊಟ್ಟಂತೆ.

ಈಗ ನೀವು ನೋಡಿದ ವಿಡಿಯೋ. ಅದು ತೊಂಬತ್ತೈದನೇ ಬೀದಿಯ ಟ್ರಿನಿಟಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್. ಪಾದ್ರಿ ಜೆರೆಮಾಯಾ ರೈಟ್. ದಿನ 2003ರ ಏಪ್ರಿಲ್ 13, ಈಸ್ಟರ್‌ನ ಹಿಂದಿನ ವಾರದ ಗರಿಗಳ ಭಾನುವಾರ. ಬಾಗ್ದಾದ್ ಅಮೆರಿಕದ ಸೇನೆಯ ವಶವಾಗಿ ನಾಲ್ಕು ದಿನ ಕಳೆದಿತ್ತು. ಅಂದಿನ ಪಾಠ ಲೂಕನ ಸುವಾರ್ತೆಯಲ್ಲಿ ಯೇಸು ಯೆರೂಸಲೇಮನ್ನು ನೋಡಿ ಅಳುವ ಭಾಗ. ಪ್ರಸಂಗದ ಎಳೆ ಸರಳ: ಸರ್ಕಾರಗಳು ಸುಳ್ಳು ಹೇಳುತ್ತವೆ, ಸರ್ಕಾರಗಳು ಬದಲಾಗುತ್ತವೆ, ಸರ್ಕಾರಗಳು ಸೋಲುತ್ತವೆ, ದೇವರು ಹಾಗಲ್ಲ, ಆದ್ದರಿಂದ ಎರಡನ್ನೂ ಒಂದೇ ಎಂದು ಕಲಸಿಕೊಳ್ಳಬೇಡಿ. ಮೂಲನಿವಾಸಿಗಳನ್ನು ಮೀಸಲು ನೆಲಗಳಿಗೆ ಅಟ್ಟಿದ್ದು, ಜಪಾನಿ ಮೂಲದ ಪ್ರಜೆಗಳನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದು, ಆಫ್ರಿಕಾದಿಂದ ತಂದವರಿಗೆ ಸಂಕೋಲೆ ತೊಡಿಸಿದ್ದು, ಎಲ್ಲವನ್ನೂ ಎಣಿಸುತ್ತ ಬಂದು, ಇಷ್ಟಾದ ಮೇಲೂ ‘ದೇವರು ಅಮೆರಿಕವನ್ನು ಹರಸಲಿ’ ಎಂದು ನಾವು ಹಾಡಬೇಕೇ ಎಂದು ಕೇಳಿ, ಹರಕೆಯನ್ನು ಶಾಪವಾಗಿ ತಿರುಗಿಸುತ್ತಾರೆ. 2008ರ ಮಾರ್ಚ್‌ನಲ್ಲಿ ದೂರದರ್ಶನ ವಾಹಿನಿಗಳು ತೋರಿಸಿದ್ದು ಆ ತಿರುವನ್ನು ಮಾತ್ರ.

2001ರ ಸೆಪ್ಟೆಂಬರ್ 16ರಂದು, ಅವಳಿ ಗೋಪುರಗಳು ಉರುಳಿದ ಮರು ಭಾನುವಾರ, ಅವರು ಮಾಡಿದ ಪ್ರಸಂಗಕ್ಕೂ ಇದೇ ಗತಿಯಾಯಿತು. ಅಂದು ಅವರು ಆರಿಸಿಕೊಂಡದ್ದು 137ನೇ ಕೀರ್ತನೆ. ‘ಬಾಬೆಲಿನ ನದಿಗಳ ಬಳಿ’ ಎಂಬ ಅದರ ಆರಂಭ ಎಲ್ಲರಿಗೂ ಬಾಯಿಪಾಠ. ಶತ್ರುವಿನ ಹಸುಗೂಸುಗಳನ್ನು ಬಂಡೆಗೆ ಅಪ್ಪಳಿಸುವ ಅದರ ಕೊನೆಯನ್ನು ಚರ್ಚುಗಳಲ್ಲಿ ಓದುವುದು ಅಪರೂಪ. ರೈಟ್ ಅದನ್ನೇ ಓದಿ, ಆಯುಧ ಹಿಡಿದ ವೈರಿಯ ಮೇಲಿನ ದ್ವೇಷ ನಿರಾಯುಧ ಮುಗ್ಧರ ಮೇಲಿನ ದ್ವೇಷವಾಗಿ ಜಾರುವುದು ಎಷ್ಟು ಅಪಾಯ ಎಂದು ಎಚ್ಚರಿಸಿದರು. ವಾಹಿನಿಗಳಿಗೆ ಸಿಕ್ಕಿದ್ದು, ಮಾಡಿದ್ದು ಮನೆಗೆ ಮರಳಿ ಬರುತ್ತದೆ ಎಂಬರ್ಥದ ಒಂದು ವಾಕ್ಯ.

ಜೆರೆಮಾಯಾ ಎಂದರೆ ಬೈಬಲಿನ ಪ್ರವಾದಿ ಯೆರೆಮೀಯ; ಅವನ ಹೆಸರನ್ನೇ ಹೊತ್ತವರು ಇನ್ನೇನು ಮಾಡಿಯಾರು? ಸ್ವಂತ ಪಟ್ಟಣ ಶತ್ರುವಿನ ಕೈಗೆ ಬೀಳುತ್ತದೆ ಎಂದದ್ದಕ್ಕೆ ಆ ಪ್ರವಾದಿಯನ್ನು ಕೆಸರಿನ ಬಾವಿಗೆ ಇಳಿಸಿದ್ದರು. ಅವನನ್ನು ಮೇಲೆತ್ತಿದ್ದು ಕೂಷ್ ದೇಶದ ಒಬ್ಬ ಕಪ್ಪು ಮನುಷ್ಯ. ನಮ್ಮ ಬುಧವಾರದ ತರಗತಿಯಲ್ಲಿ ಈ ಸಂಗತಿಯನ್ನು ಮರೆಯಲು ಯಾರೂ ಬಿಡುತ್ತಿರಲಿಲ್ಲ. ದೇಶದ್ರೋಹಿ ಎನಿಸಿಕೊಂಡ ರೈಟ್ ನೌಕಾದಳದ ವೈದ್ಯಕೀಯ ಸಿಬ್ಬಂದಿಯಲ್ಲಿದ್ದು, 1966ರಲ್ಲಿ ಅಧ್ಯಕ್ಷ ಜಾನ್ಸನ್ ಅವರ ಶಸ್ತ್ರಚಿಕಿತ್ಸೆಯ ವೇಳೆ ಆರೈಕೆ ಮಾಡಿದ ತಂಡದಲ್ಲಿದ್ದವರು.

ಹಾಗೆಂದು ಅವರ ಎಲ್ಲ ಮಾತಿಗೂ ನಾನು ವಕಾಲತ್ತು ವಹಿಸುವುದಿಲ್ಲ. ಕಪ್ಪು ಜನರನ್ನು ನಾಶಮಾಡಲು ಸರ್ಕಾರವೇ ಎಚ್‌ಐವಿ ವೈರಾಣುವನ್ನು ಸೃಷ್ಟಿಸಿತು ಎಂದು ಅದೇ 2003ರ ಪ್ರಸಂಗದಲ್ಲಿ ಹೇಳಿದ್ದು ಅಪ್ಪಟ ಸುಳ್ಳು. 1932ರಿಂದ 1972ರವರೆಗೆ ಟಸ್ಕೀಗಿಯಲ್ಲಿ ಸರ್ಕಾರದ ಆರೋಗ್ಯ ಇಲಾಖೆಯೇ ನೂರಾರು ಕಪ್ಪು ಗಂಡಸರ ಸಿಫಿಲಿಸ್‌ಗೆ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತಿತ್ತು. ಅಂಥ ಸುಳ್ಳನ್ನು ಜನ ಯಾಕೆ ನಂಬುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ, ಅಷ್ಟೇ. ಪ್ರಸಂಗಪೀಠದಲ್ಲಿ ನಿಂತವರಿಗೆ ಅದು ನೆಪವಾಗಬಾರದು.

ಬಿಳಿಯರ ದ್ವೇಷದ ಮಾತಿಗೆ ಬರೋಣ. ಟ್ರಿನಿಟಿ ಸೇರಿರುವ ಪಂಗಡದಲ್ಲಿ ಬಿಳಿಯರೇ ಬಹುಸಂಖ್ಯಾತರು. 1972ರಲ್ಲಿ ರೈಟ್ ಬಂದಾಗ ಸಭೆಯಲ್ಲಿ ಇದ್ದವರು 87 ಜನ. ನಿವೃತ್ತರಾಗುವ ಹೊತ್ತಿಗೆ ಆರು ಸಾವಿರ ದಾಟಿ, ಇಡೀ ಪಂಗಡದಲ್ಲೇ ದೊಡ್ಡ ಸಭೆಯಾಗಿತ್ತು. ‘ಕಪ್ಪು ಎನ್ನಲು ನಾಚಿಕೆಯಿಲ್ಲ, ಕ್ರೈಸ್ತ ಎನ್ನಲು ಅಳುಕಿಲ್ಲ’ ಎಂಬರ್ಥದ ಅವರ ಘೋಷವಾಕ್ಯ ಹೊರಗಿನವರಿಗೆ ಸವಾಲಿನಂತೆ ಕೇಳಿಸುತ್ತದೆ. ಅದು ಒಳಗಿನವರಿಗೆ ಹೇಳಿದ್ದು. 1981ರಲ್ಲಿ ಸಭೆ ಒಪ್ಪಿಕೊಂಡ ಮೌಲ್ಯಗಳ ಪಟ್ಟಿಯಲ್ಲಿ ‘ಮಧ್ಯಮವರ್ಗತನ’ದ ಬೆನ್ನು ಹತ್ತಬೇಡಿ ಎಂಬ ಒಂದು ಅಂಶವಿದೆ. ಓದಿ, ನೌಕರಿ ಹಿಡಿದ ಮೇಲೆ ಹುಟ್ಟಿದ ಓಣಿಯನ್ನು ಮರೆಯಬೇಡಿ ಎಂದು ಅದರ ತಾತ್ಪರ್ಯ. ನಮ್ಮಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಜಕೀಯ ಆಮೇಲೆ ನುಸುಳಿದ್ದು ಎಂಬುದು ನಿಮ್ಮ ಪ್ರಶ್ನೆಯೊಳಗಿನ ಊಹೆ. ಅದು ಬಾಗಿಲಿನಿಂದಲೇ ಬಂದದ್ದು. 1807ರಲ್ಲಿ ಕೆರಿಬಿಯನ್ ದ್ವೀಪಗಳ ಗುಲಾಮರಿಗೆಂದು ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಅದರಲ್ಲಿ, ಇಸ್ರಾಯೇಲರು ಈಜಿಪ್ಟಿನ ದಾಸ್ಯದಿಂದ ಪಾರಾಗುವ ವಿಮೋಚನಕಾಂಡದ ಬಿಡುಗಡೆಯ ಕಥೆಯನ್ನೇ ಕತ್ತರಿಸಿದ್ದರು. ದಾಸರು ಯಜಮಾನರಿಗೆ ವಿಧೇಯರಾಗಿರಲಿ ಎಂಬ ವಾಕ್ಯವನ್ನು ಜೋಪಾನವಾಗಿ ಉಳಿಸಿದ್ದರು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯಾದ ಮೆಥೊಡಿಸ್ಟ್ ಚರ್ಚೊಂದರಲ್ಲಿ, ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ಭಕ್ತರನ್ನು ಜಾಗ ತಪ್ಪಿ ಕೂತಿದ್ದೀರಿ ಎಂದು ಎಳೆದು ಎಬ್ಬಿಸಿದರು. ಎದ್ದು ಹೊರನಡೆದವರಲ್ಲಿ ಒಬ್ಬರಾದ ರಿಚರ್ಡ್ ಅಲೆನ್ 1816ರಲ್ಲಿ ಕಪ್ಪು ಜನರದೇ ಸ್ವತಂತ್ರ ಮೆಥೊಡಿಸ್ಟ್ ಪಂಗಡ ಕಟ್ಟಿದರು. ಎಲ್ಲಿ ಕೂರಬೇಕು ಎಂಬ ಜಗಳದಿಂದ ಹುಟ್ಟಿದ ಚರ್ಚಿಗೆ ರಾಜಕೀಯ ಬೇಡ ಎನ್ನುವುದು ಹೇಗೆ? ಕಾನೂನಿನ ಗೆರೆ ಬೇರೆ ಮಾತು: 1954ರ ತಿದ್ದುಪಡಿಯಂತೆ ತೆರಿಗೆ ವಿನಾಯಿತಿ ಪಡೆಯುವ ಸಂಸ್ಥೆ ಅಭ್ಯರ್ಥಿಯ ಪರ ಪ್ರಚಾರ ಮಾಡುವಂತಿಲ್ಲ, ಅನ್ಯಾಯದ ಬಗ್ಗೆ ಮಾತಾಡಲು ಅಡ್ಡಿಯಿಲ್ಲ.

ಆದರೆ ನಿಜವಾದ ಜಗಳ ನಡೆಯುವುದು ಅವರವರಲ್ಲೇ. ಷಿಕಾಗೋದ ಆಲಿವೆಟ್ ಬ್ಯಾಪ್ಟಿಸ್ಟ್ ಚರ್ಚಿನ ಜೋಸೆಫ್ ಜಾಕ್ಸನ್ ಅತಿ ದೊಡ್ಡ ಕಪ್ಪು ಬ್ಯಾಪ್ಟಿಸ್ಟ್ ಒಕ್ಕೂಟದ ಅಧ್ಯಕ್ಷರಾಗಿದ್ದರು. ಕಿಂಗ್ ಅವರ ಬೀದಿ ಹೋರಾಟ ಅವರಿಗೆ ಆಗದು. 1961ರಲ್ಲಿ ಒಕ್ಕೂಟವೇ ಒಡೆದು, ಕಿಂಗ್ ಬೆಂಬಲಿಗರು ಬೇರೆ ಸಂಘ ಕಟ್ಟಿದರು. ಕಿಂಗ್ ಹತ್ಯೆಯ ನಂತರ ಚರ್ಚಿನ ಮುಂದಿನ ರಸ್ತೆಗೆ ಅವರ ಹೆಸರಿಟ್ಟಾಗ, ಜಾಕ್ಸನ್ ಚರ್ಚಿನ ವಿಳಾಸವನ್ನು ಪಕ್ಕದ ಮೂವತ್ತೊಂದನೇ ಬೀದಿಗೆ ಬದಲಾಯಿಸಿಕೊಂಡರು! ಹಗೆಯೆಂದರೆ ಹೀಗಿರಬೇಕು.

ಪಂಡಿತರ ನಡುವೆಯೂ ಅಷ್ಟೇ. ದೇವರು ಕಪ್ಪು, ಅಂದರೆ ತುಳಿಯಲ್ಪಟ್ಟವರ ಪಕ್ಷ ಎಂದು ಜೇಮ್ಸ್ ಕೋನ್ 1969ರಿಂದ ಬರೆಯತೊಡಗಿದರು. ನಿನ್ನ ದೇವಶಾಸ್ತ್ರದ ಬೇರು ನಮ್ಮ ಜನರ ಭಕ್ತಿಯಲ್ಲಿಲ್ಲ, ಕಪ್ಪು ರಾಜಕೀಯ ಚಳವಳಿಯಲ್ಲಿದೆ ಎಂದು ಅವರ ಅಣ್ಣ ಸೆಸಿಲ್ ಕೋನ್ ಅವರೇ ಪುಸ್ತಕ ಬರೆದು ಟೀಕಿಸಿದರು. ಹೆಂಗಸರ ಕಡೆಯಿಂದ ಡೆಲೋರೆಸ್ ವಿಲಿಯಮ್ಸ್ ಎತ್ತಿದ ತಕರಾರು ನನ್ನನ್ನು ಇಂದಿಗೂ ಕಾಡುತ್ತದೆ: ದೇವರು ಯಾವಾಗಲೂ ಬಿಡುಗಡೆಯನ್ನೇ ಕೊಡುತ್ತಾನೆ ಎನ್ನುವವರು ಬೈಬಲಿನ ಹಾಗರಳನ್ನು ನೋಡಲಿ, ಓಡಿಹೋದ ಆ ದಾಸಿಗೆ, ಒಡತಿಯ ಬಳಿಗೇ ಮರಳು ಎಂದಲ್ಲವೇ ದೇವದೂತ ಹೇಳಿದ್ದು?

ಈ ವಾದ ನಮಗೆ ದೂರದ್ದೂ ಅಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರದ ಚರ್ಚೆ ಶುರುವಾಯಿತು ಎನ್ನುತ್ತಾರೆ.

2015ರ ಜೂನ್ 17, ಬುಧವಾರ. ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್‌ನಲ್ಲಿರುವ, ಕಪ್ಪು ಜನರ ಎಮ್ಯಾನುಯೆಲ್ ಚರ್ಚಿನ ಬೈಬಲ್ ತರಗತಿಗೆ ಒಬ್ಬ ಬಿಳಿ ಯುವಕ ಬಂದ. ಕರೆದು ಕೂರಿಸಿಕೊಂಡರು. ಸುಮಾರು ಒಂದು ಗಂಟೆ ಅವರೊಡನೆ ಕೂತಿದ್ದು, ಒಂಬತ್ತು ಜನರನ್ನು ಗುಂಡಿಟ್ಟು ಕೊಂದ. ಎರಡು ದಿನಕ್ಕೆ, ನ್ಯಾಯಾಲಯದಲ್ಲಿ, ಸತ್ತವರ ಬಂಧುಗಳಲ್ಲಿ ಕೆಲವರು ಅವನನ್ನು ಕ್ಷಮಿಸಿದ್ದೇವೆ ಎಂದರು.

ಮರು ಬುಧವಾರ ನಮ್ಮ ತರಗತಿಯಲ್ಲಿ ಪಾಠ ನಡೆಯಲಿಲ್ಲ. ದಾದಿ ಕೆಲಸದ ಹುಡುಗಿಯೊಬ್ಬಳು ಎದ್ದು ನಿಂತು, ‘ಎರಡೇ ದಿನಕ್ಕೆ ಕ್ಷಮೆಯೇ? ನಾವು ಕ್ಷಮಿಸುತ್ತೇವೆ ಎಂಬ ಭರವಸೆಯಿಂದಲೇ ಅವರು ಕೊಲ್ಲುತ್ತಾರೆ’ ಎಂದಳು. ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು, ಕ್ಷಮೆಯ ವಿಚಾರ ಆಮೇಲೆ, ಮೊದಲು ಮುಂಬಾಗಿಲಿಗೆ ಬೀಗ ಹಾಕೋಣ ಎಂದರು. ಎಲ್ಲರೂ ‘ಮದರ್’ ಎಂದು ಕರೆಯುತ್ತಿದ್ದ ಎಂಬತ್ತು ದಾಟಿದ ಮುದುಕಿ ಬೀಸಣಿಗೆ ಮಡಿಲಲ್ಲಿಟ್ಟು, ‘ಬೀಗ ಹಾಕುವುದಾದರೆ ಹೊರಗಿನ ಫಲಕವನ್ನೂ ಇಳಿಸಿ, ಕ್ಲಬ್ ಎಂದು ಬರೆಸಿ’ ಎಂದರು. ಒಂಬತ್ತೂವರೆಯವರೆಗೆ ವಾದ ನಡೆಯಿತು. ಯೇಸು, ಮಾಲ್ಕಂ ಎಕ್ಸ್, ಬಂದೂಕಿನ ಪರವಾನಗಿ, ಚರ್ಚಿನ ವಿಮೆ ಎಲ್ಲವೂ ಬಂದುಹೋದವು. ಒಬ್ಬರೂ ಇನ್ನೊಬ್ಬರ ಮಾತು ಒಪ್ಪಲಿಲ್ಲ.

ಕೊನೆಗೆ ಬಾಗಿಲು ತೆರೆದೇ ಇಡುವುದು, ಒಂದು ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿ, ಸರದಿಯ ಮೇಲೆ ಒಬ್ಬೊಬ್ಬರು ಅಲ್ಲಿ ಕೂರುವುದು ಎಂದಾಯಿತು. ನನ್ನ ಸರದಿ ಅಕ್ಟೋಬರ್‌ನಲ್ಲಿ ಬಂತು. ತೊಡೆಯ ಮೇಲೆ ಬೈಬಲ್ ತೆರೆದೇ ಇತ್ತು, ಒಂದು ಸಾಲೂ ಓದಲಾಗಲಿಲ್ಲ. ಬೆನ್ನ ಹಿಂದೆ ಮದರ್ ಮತ್ತು ಅಂಚೆಯವರು ಅದೇ ಕ್ಷಮೆಯ ವಿಷಯಕ್ಕೆ ಮತ್ತೆ ದನಿಯೇರಿಸಿದ್ದರು.