ಚೋರ್ ಬಜಾರಿನ ಬಡಕಲು ಕುದುರೆ

ಪ್ರಶ್ನೆ: ಮುಂಬೈನ ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಹಳೇ ಫ್ರೇಮಿನ ಒಂದು ಚಿತ್ರ ಕೊಂಡೆ. ಎಲುಬು ಎಣಿಸಬಹುದಾದಂಥ ಕುದುರೆಯೊಂದು ನಿಂತಿದೆ, ಹತ್ತಿರ ಇನ್ನೊಂದು ಸತ್ತು ಬಿದ್ದಿದೆ. ಫ್ರೇಮಿನ ಹಿಂದೆ ಯಾರೋ ‘ಪಾಟರ್, 1652’ ಅಂತ ಬರೆದಿದ್ದಾರೆ. ‘ಇಂಥದ್ದನ್ನು ಗೋಡೆಗೆ ಹಾಕ್ತಾರಾ?’ ಅಂತ ನಮ್ಮ ಮನೆಯವರು ರೇಗುತ್ತಿದ್ದಾರೆ. ಇದು ಅಸಲಿಯಾ? ಇಂಥ ಚಿತ್ರ ಯಾಕೆ ಬರೆದರು?
– ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಮೊದಲು ಫ್ರೇಮ್ ಬಿಚ್ಚಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ಗೆರೆ ನೋಡಿ. ಸಣ್ಣ ಚುಕ್ಕೆಗಳ ಸಾಲು ಕಂಡರೆ ಅದು ಯಾವುದೋ ಪುಸ್ತಕದಿಂದ ಕಿತ್ತ ಹಾಳೆ, ಮುಗೀತು. ಗೆರೆ ಒಂದೇ ಸಮನೆ ಕಪ್ಪಗಿದ್ದು, ಶಾಯಿ ಕೂದಲೆಳೆಯಷ್ಟು ಉಬ್ಬಿದ್ದರೆ, ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ಗುರುತಿದ್ದರೆ, ಅದು ಎಚ್ಚಿಂಗ್, ಅಂದರೆ ಆಸಿಡ್‌ನಿಂದ ಕೊರೆದ ತಗಡಿನಿಂದ ಅಚ್ಚೊತ್ತಿದ ಚಿತ್ರ, ಇರಬಹುದು. ಆದರೆ ಕಲಾವಿದ ಸತ್ತ ಮೇಲೂ ತಗಡು ಕೈಯಿಂದ ಕೈಗೆ ಹೋಗಿ ಅಚ್ಚಾಗುತ್ತಲೇ ಇರುತ್ತಿತ್ತು, ಹಾಗಾಗಿ ಎಚ್ಚಿಂಗ್ ಆದ ಮಾತ್ರಕ್ಕೆ 1652ರದ್ದೇ ಅಂತ ಕುಣಿಯಬೇಡಿ.

ಎಚ್ಚಿಂಗ್ ಮಾಡೋದು ಹೀಗೆ: ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಸಿಡ್‌ಗೆ ಇಳಿಸಿದರೆ ಗೀಚಿದ ಜಾಗವನ್ನಷ್ಟೇ ಆಸಿಡ್ ತಿನ್ನುತ್ತದೆ. ಆ ಗುಂಡಿಗೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಇಟ್ಟು ಒತ್ತುತ್ತಾರೆ. ಲೋಹ ಕೊರೆಯುವ ಕಷ್ಟ ಇಲ್ಲ, ಕೈ ಪೆನ್ಸಿಲ್ ಹಿಡಿದ ಹಾಗೆ ಓಡುತ್ತದೆ. ಅದಕ್ಕೇ ಡಚ್ ಕಲಾವಿದ ರೆಂಬ್ರಾಂಟ್ 1635ರಲ್ಲಿ ದೋಸೆ ಹುಯ್ಯುವ ಮುದುಕಿಯನ್ನು (ದೋಸೆ ಅಂತ ನಾನು ಹೇಳ್ತಿದ್ದೀನಿ, ಅಲ್ಲಿನವರದು ಪ್ಯಾನ್‌ಕೇಕ್) ಸುತ್ತ ಮಕ್ಕಳ ಸಮೇತ ಬರೆದುಬಿಟ್ಟ.

ಇನ್ನು ಕುದುರೆಗೆ ಬರೋಣ. ಆಗೆಲ್ಲ ಕುದುರೆ ಅಂದರೆ ರಾಜನ ಕೆಳಗೆ ಕಾಲೆತ್ತಿ ನಿಲ್ಲುವ ಪ್ರಾಣಿ. ಡಚ್ ಹುಡುಗ ಪಾಟರ್ 1652ರಲ್ಲಿ ಐದು ಎಚ್ಚಿಂಗ್ ಮಾಡಿದ, ಒಂದರಲ್ಲೂ ಸವಾರ ಇಲ್ಲ. ಮೊದಲನೆಯದು ಠಾಕುಠೀಕಾಗಿದೆ, ಒಂದು ಕೆನೆಯುತ್ತದೆ, ಒಂದರ ಬಾಲ ಮೊಟಕು, ಒಂದರಲ್ಲಿ ಉಳುವ ಜೋಡಿ. ಕೊನೆಯದೇ ನಿಮ್ಮದು, ಅಂದರೆ ದುಡಿದು ದುಡಿದು ಸವೆದದ್ದು. ಆ ಮೊದಲ ಕುದುರೆಗೆ ಕೊಟ್ಟಷ್ಟೇ ಗಮನ ಇದಕ್ಕೂ ಕೊಟ್ಟಿದ್ದಾನೆ, ಕನಿಕರ ಹುಟ್ಟಿಸೋಕೆ ಏನೂ ಹೆಚ್ಚು ಮಾಡಿಲ್ಲ. ನನಗೆ ಇಷ್ಟ ಆಗೋದು ಅದೇ. 2015ರಲ್ಲಿ ಬಾಂಬೆ ಹೈಕೋರ್ಟ್ ವಿಕ್ಟೋರಿಯಾ ಕುದುರೆಗಾಡಿ ನಿಲ್ಲಿಸಿ ಅನ್ನುವವರೆಗೆ ಗೇಟ್‌ವೇ ಆಫ್ ಇಂಡಿಯಾ ಹತ್ತಿರ ನಾವೆಲ್ಲ ಬೆಳ್ಳಿ ತಗಡಿನ ಗಾಡಿ ನೋಡಿದೆವು, ಎಳೆಯುವುದರ ಪಕ್ಕೆ ಯಾರು ನೋಡಿದರು? ಪಾಟರ್‌ಗೆ ಇನ್ನೆರಡೇ ವರ್ಷ ಆಯಸ್ಸಿತ್ತು, 28ಕ್ಕೇ ತೀರಿಕೊಂಡ.

ಗೋಡೆಗೆ ಹಾಕಿ, ಬಿಸಿಲು ಬೀಳದ ಕಡೆ. ಮಳೆಗಾಲದಲ್ಲಿ ಒದ್ದೆ ಹಿಡಿಯುವ ಹೊರಗೋಡೆ ಬೇಡ. ಲ್ಯಾಮಿನೇಶನ್ ಮಾತ್ರ ಮಾಡಿಸಲೇಬೇಡಿ.