ಪುಕ್ಕಟೆ ಟ್ಯಾಂಕರ್ ಹೊಲಕ್ಕೆ ಬಂದರೆ

ಈ ವಾರವೂ ಅದೇ ಪ್ರಶ್ನೆ. ಆಳಂದ ಕಡೆಯ ರೈತರೊಬ್ಬರು ಬರೆದಿದ್ದಾರೆ: "ಸರ್, ಎರೆ ಹೊಲಕ್ಕೆ ಡಿಸ್ಟಿಲರಿಯ ಸ್ಪೆಂಟ್‌ವಾಶ್ ಪುಕ್ಕಟೆ ಹಾಕಿಸ್ತೀವಿ ಅಂತಾರೆ. ಪೊಟ್ಯಾಷ್ ಜಾಸ್ತಿ ಇರುತ್ತಂತೆ. ಮಳೆ ಬಂದರೆ ಎಲ್ಲಾ ಕೆಳಗೆ ಹೋಗಿಬಿಡುತ್ತಾ?"

ಸ್ಪೆಂಟ್‌ವಾಶ್ ಅಂದರೆ ಡಿಸ್ಟಿಲರಿಯಲ್ಲಿ ಕಾಕಂಬಿಯಿಂದ ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ಕಂದು ತ್ಯಾಜ್ಯ ನೀರು. ಅದರ ಪೊಟ್ಯಾಷ್ ಬಹುಪಾಲು ಉಳಿಯುತ್ತದೆ. ಎರೆ ಮಣ್ಣಿನ ಜೇಡಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕೂರಲು ಜಾಗ ಬೇಕಲ್ವಾ? ಅಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಬ್ಬಿಸಿ ತಾನು ಕೂರುತ್ತದೆ. ಎದ್ದವು ಸ್ಪೆಂಟ್‌ವಾಶ್‌ನ ಕ್ಲೋರೈಡ್, ಸಲ್ಫೇಟ್ ಜೊತೆ ನೀರಲ್ಲಿ ಇಳಿದು ಹೋಗುತ್ತವೆ. ಅದರಲ್ಲಿನ ಸಾರಜನಕ ಕೊಳೆತು ನೈಟ್ರೇಟ್ ಆದ ಮೇಲೆ ಅದೂ ಅದೇ ದಾರಿ, ಜೇಡಿ ಅದನ್ನು ಹಿಡಿಯುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಾದ ಮಣ್ಣಿನ ಹೆಂಟೆಯನ್ನು ಲೋಟದ ನೀರಿಗೆ ಹಾಕಿ ನೋಡಿ, ಕರಗಿ ರಾಡಿಯಾಗುತ್ತದೆ.

ಲೆಕ್ಕ ಹಾಕಿ. ಸಂಸ್ಕರಿಸದ ಸ್ಪೆಂಟ್‌ವಾಶ್‌ನಲ್ಲಿ ಲೀಟರ್‌ಗೆ ಸುಮಾರು 10 ಗ್ರಾಂ ಪೊಟ್ಯಾಷ್, ಅಂದರೆ 10,000 ಲೀಟರ್ ಟ್ಯಾಂಕರ್‌ನಲ್ಲಿ 100 ಕೆಜಿ. ಒಂದು ಎಕರೆ ಕಬ್ಬಿನ ಇಡೀ ವರ್ಷದ ಪಾಲು ಒಂದೇ ಟ್ಯಾಂಕರ್‌ನಲ್ಲಿ ಮುಗಿಯಿತು. ಎಕರೆಗೆ ನಾಲ್ಕೈದು ಸುರಿಯುವವರು ತಮ್ಮ ಹೊಂಡ ಖಾಲಿ ಮಾಡ್ಕೊಳ್ತಿದ್ದಾರೆ ಅಷ್ಟೇ.

ಇನ್ನು ಬೇಸಿಗೆಯ ಬಿರುಕು. ಮೇ ತಿಂಗಳಲ್ಲಿ ನಮ್ಮ ಎರೆ ಹೊಲದ ಬಿರುಕಿಗೆ ಕೈ ಮೊಣಕೈವರೆಗೆ ಇಳಿಯುತ್ತದೆ. ಆಗ ಸುರಿದರೆ ಮಣ್ಣು ಹೀರುವ ಮೊದಲೇ ಸೀದಾ ಕೆಳಗೆ. ನಾನು ಹೋಗಿದ್ದ ಒಂದು ಹೊಲದಲ್ಲಿ ಬದುವಿನ ಬಾವಿ ನೀರು ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಎಮ್ಮೆ ಮೂಸಿ ಹಿಂದೆ ಸರಿಯಿತು. ಆ ಮನೆಯವರು ಎರಡು ಕಿಲೋಮೀಟರ್ ದೂರದಿಂದ ನೀರು ಹೊತ್ತು ತರುತ್ತಿದ್ದರು. ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುವುದು: ಸಂಸ್ಕರಿಸದ್ದು ಬೇಡವೇ ಬೇಡ. ಸಂಸ್ಕರಿಸಿದ್ದು ಅಂದರೆ ಮಾಲಿನ್ಯ ಮಂಡಳಿಯ ಅನುಮತಿ, ಲ್ಯಾಬ್ ರಿಪೋರ್ಟ್ ಎರಡನ್ನೂ ಕೈಗೆ ತೆಗೆದುಕೊಂಡು ಓದಿ, ರಾತ್ರಿ ಬರುವ ಟ್ಯಾಂಕರ್‌ಗೆ ಗೇಟ್ ತೆಗೆಯಬೇಡಿ. ಪೊಟ್ಯಾಷ್ ಬೇಕಿದ್ದರೆ ಕಾಕಂಬಿ ಮೂಲದ ಒಣ ಪೊಟ್ಯಾಷ್ ಗೊಬ್ಬರ ಚೀಲದಲ್ಲೇ ಸಿಗುತ್ತದೆ, 14.5 ಶೇಕಡಾ, ಅಳೆದು ಹಾಕಬಹುದು.

"ಸೂಕ್ಷ್ಮಾಣು ಪುಡಿ ಕಲಸಿದರೆ ಸ್ಪೆಂಟ್‌ವಾಶ್‌ನ ಉಪ್ಪು ಸಾಯುತ್ತೆ" ಅಂತ ಅಂಗಡಿಯವನು ಹೇಳಿದನಂತೆ. ಸುಳ್ಳು. ಯಾವ ಸೂಕ್ಷ್ಮಾಣುವೂ ಉಪ್ಪು ತಿನ್ನುವುದಿಲ್ಲ.

ನಿಂತ ತೊಗರಿಗೆ ಬಿಡಬಹುದಾ? ಬೇಡ, ಬೇರು ಸುಡುತ್ತದೆ.

ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲದವರು ಕೇಳಿದ್ದಾರೆ. ನಿಮ್ಮಲ್ಲಿ ಇನ್ನೂ ಅಪಾಯ. ನೀರು ಸೋಸಿ ಇಳಿಯುವ ನೆಲ ಅದು, ಹಿರಿಯರು ನೌಬಾದ್‌ನಲ್ಲಿ ಸುರಂಗ ಬಾವಿ ತೋಡಿದ್ದು ಅದೇ ನೀರಿಗಾಗಿ. ಮೇಲೆ ಸುರಿದದ್ದು ನಿಮ್ಮ ಕೊಡಕ್ಕೇ ಬರುತ್ತದೆ.