ಪದ ಗೊತ್ತು, ಬಾಯಿಗೆ ಬರಲ್ಲ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಅವಳನ್ನು ಸುಮಾ ಅನ್ನೋಣ. ವಯಸ್ಸು 24. ತಿಕೋಟಾ ಕಡೆಯ ಹಳ್ಳಿಯವಳು, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮ. ಬಿಎಸ್ಸಿ ನರ್ಸಿಂಗ್ ಮುಗಿಸಿ ವಿಜಯಪುರದಲ್ಲಿ ಕೆಲಸ ಮಾಡುತ್ತಿದ್ದಾಳೆ. ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಕೋಚಿಂಗ್‌ನಲ್ಲಿ ದಿನಕ್ಕೆ 50 ಕಠಿಣ ಪದಗಳ ಪಟ್ಟಿ ಕೊಡುತ್ತಿದ್ದರಂತೆ. ಡ್ಯೂಟಿ ಮುಗಿಸಿ ಬಂದು ನಡುರಾತ್ರಿವರೆಗೆ ಬಾಯಿಪಾಠ. "ಬೆಳಿಗ್ಗೆ ಎದ್ರೆ ಅರ್ಧ ನೆನಪಿರಲ್ಲ ಮೇಡಂ, ನನ್ ತಲೆನೇ ಸರಿ ಇಲ್ಲ" ಎಂದು ನನ್ನೆದುರು ಅತ್ತಳು.

ತಲೆ ಸರಿಯಾಗೇ ಇತ್ತು. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಎಂದು 1885ರಲ್ಲೇ ಬರೆದಿದ್ದ. ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ದಿನವೇ ಜಾರುತ್ತದೆ. ಇದನ್ನು ಹೇಳಿದಾಗ ಅವಳ ಮುಖ ಸ್ವಲ್ಪ ಸಡಿಲವಾಯಿತು.

ಆದರೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಕ್ಲಾಸಿನ ಅಣಕು ಪರೀಕ್ಷೆಯಲ್ಲಿ ಊರಿನ ಬಗ್ಗೆ ಹೇಳು ಅಂದಿದ್ದರು. ಇವಳು, "ವಿಜಯಪುರ ಹ್ಯಾಸ್ ಎ ಪ್ಲೆಥೋರಾ ಆಫ್ ಗೋಲ್ ಗುಂಬಜ್" ಅಂದುಬಿಟ್ಟಳು. ಪ್ಲೆಥೋರಾ ಅಂದರೆ ರಾಶಿರಾಶಿ. ಇಡೀ ಕ್ಲಾಸು ನಕ್ಕಿತು, ಕಲಿಸುವವರೂ ನಕ್ಕರು. ಅವತ್ತಿನಿಂದ ಇಂಗ್ಲಿಷ್‌ನಲ್ಲಿ ಬಾಯಿ ಬಿಟ್ಟಿಲ್ಲ. ಇರುವುದೊಂದೇ ಗೋಲ್ ಗುಂಬಜ್, ನಿಜ. 'ಮಾನ್ಯುಮೆಂಟ್ಸ್' ಅಂದಿದ್ದರೆ ವಾಕ್ಯ ನಡೆಯುತ್ತಿತ್ತು. ಪದದ ಅರ್ಥ ಗೊತ್ತಿತ್ತು, ಅದು ಯಾವ ಪದದ ಜೊತೆ ಕೂರುತ್ತದೆ ಅನ್ನೋದು ಗೊತ್ತಿರಲಿಲ್ಲ. ಪಟ್ಟಿ ಅದನ್ನು ಕಲಿಸುವುದೂ ಇಲ್ಲ.

ನಾನು ಮೊದಲು ಹೇಳಿದ್ದು ನಿದ್ದೆ ಬಗ್ಗೆ. ಹನ್ನೊಂದರ ಮೇಲೆ ಪುಸ್ತಕ ಬೇಡ. ಆಮೇಲೆ ಪಟ್ಟಿ. ದಿನಕ್ಕೆ ಐದೇ ಪದ, ಒಂದೊಂದಕ್ಕೂ ಅವಳ ಮನೆಯದ್ದೋ ವಾರ್ಡಿನದ್ದೋ ಒಂದು ವಾಕ್ಯ. ಡಿಕ್ಷನರಿಯ ವಾಕ್ಯ ನಕಲು ಮಾಡುವ ಹಾಗಿಲ್ಲ, ಆದರೆ ಪದ ಹೇಗೆ ಬಳಕೆಯಾಗಿದೆ ಎಂದು ಅಲ್ಲಿ ನೋಡಲೇಬೇಕು. ಕುಳಿತಲ್ಲೇ ಒಂದು ಮಾಡಿಸಿದೆ. ತುಂಬ ಹೊತ್ತು ಪೆನ್ನು ಕಚ್ಚಿ, "ಮೈ ಫಾದರ್ ವಾಸ್ ರಿಲಕ್ಟಂಟ್ ಟು ಸೆಲ್ ದ ರೇಸಿನ್ಸ್ ಅಟ್ ದಟ್ ಪ್ರೈಸ್" (ಆ ಬೆಲೆಗೆ ಒಣದ್ರಾಕ್ಷಿ ಮಾರಲು ಅಪ್ಪನಿಗೆ ಮನಸ್ಸಿರಲಿಲ್ಲ) ಎಂದು ಬರೆದಳು. ಒಣದ್ರಾಕ್ಷಿ ರೇಟು ಬಿದ್ದ ವರ್ಷದ ಅಪ್ಪನ ಮುಖ ಅವಳ ಕಣ್ಣಮುಂದಿತ್ತು. ಇಂಥ ಪದ ಮರೆಯೋದು ಕಷ್ಟ, ಅಲ್ವಾ?

ವಾಕ್ಯವನ್ನು ಚೀಟಿಯ ಮೇಲೆ ಬರೆದು ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ನೋಡಬೇಕು. ಪದ ನೋಡಿ ಅರ್ಥ ಹೇಳಿದರೆ ಸಾಲದು. ಚೀಟಿ ಮುಚ್ಚಿ, ವಾಕ್ಯವನ್ನು ಜೋರಾಗಿ ಹೇಳಬೇಕು.

"ಸಣ್ಣ ಪದ ಹೇಳಿದ್ರೆ ಮಾರ್ಕ್ಸ್ ಹೋಗಲ್ವಾ?" ಎಂದು ಕೇಳಿದಳು. ಪರೀಕ್ಷೆಯ ಮಾತಾಡುವ ಭಾಗವಾದ ಸ್ಪೀಕಿಂಗ್‌ನಲ್ಲಿ ಅಳೆಯುವುದು ನಾಲ್ಕು ವಿಷಯ: ನಿರರ್ಗಳತೆ, ಪದಬಳಕೆ, ವ್ಯಾಕರಣ, ಉಚ್ಚಾರ. ನಾಲ್ಕಕ್ಕೂ ಸಮಪಾಲು. ದೊಡ್ಡ ಪದ ಹುಡುಕುತ್ತಾ ತಡವರಿಸಿದರೆ ನಿರರ್ಗಳತೆಯಲ್ಲಿ ಅಂಕ ಹೋಗುತ್ತದೆ. ರೋಗಿಯ ಹತ್ತಿರ ನೋವು 'ರಿಡ್ಯೂಸ್' ಆಗುತ್ತೆ ಅಂದರೆ ಸಾಕು, ಪ್ರಬಂಧದಲ್ಲಿ ಅದೇ ಅರ್ಥದ 'ಅಲೀವಿಯೇಟ್' ಬರಲಿ ಎಂದೆ.

ಕೋಚಿಂಗ್ ಬಿಟ್ಟುಬಿಡ್ತೀನಿ ಅಂದಳು. ನಗುವಿಗೆ ಹೆದರಿ ಬಿಡಬೇಡ, ಸಾಲದು ಅನ್ನಿಸಿದರೆ ಬಿಡು ಎಂದೆ. ಸದ್ಯ ರೂಮ್‌ಮೇಟ್ ಎದುರು ಮಾತಾಡುತ್ತಿದ್ದಾಳೆ, ಗುಂಪಿನಲ್ಲಿ ಇನ್ನೂ ಮೌನ. ಪರೀಕ್ಷೆಯ ದಿನ ಇನ್ನೂ ಗೊತ್ತುಮಾಡಿಲ್ಲ. ನೈಟ್ ಡ್ಯೂಟಿ ಇರುವ ವಾರ ಹೊಸ ಪದ ಬೇಡ, ಹಳೆ ಚೀಟಿಗಳನ್ನೇ ತಿರುವಿ ಹಾಕು ಎಂದಿದ್ದೇನೆ.